ಅಳೆಯುವ ಪರೀಕ್ಷೆ, ಕಲಿಯುವ ಮಗು

ಎಲ್ಲ ಶಾಲೆಗಳ ಮಕ್ಕಳನ್ನೂ ಒಂದೇ ಪರೀಕ್ಷೆಯಿಂದ ಅಳೆಯುವುದು ಮೇಲುನೋಟಕ್ಕೆ ನ್ಯಾಯವೆಂದೇ ತೋರುತ್ತದೆ. ಆದರೆ ಅಳತೆಯೇ ಪಾಠವನ್ನು ಕೆಡಿಸಬಲ್ಲದೆಂಬುದಕ್ಕೆ ಇಂಗ್ಲೆಂಡಿನ ಹಳೆಯ ನಿದರ್ಶನವೊಂದನ್ನು ನಿಮ್ಮ ಮುಂದಿಡುತ್ತೇನೆ.

1862ರಲ್ಲಿ ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಗಳ ಅನುದಾನವನ್ನು ಮಕ್ಕಳ ಹಾಜರಿಗೂ ಪರೀಕ್ಷೆಯ ಫಲಕ್ಕೂ ಗಂಟುಹಾಕಿತು. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರು ಬಂದು ಓದು, ಬರಹ, ಲೆಕ್ಕಗಳನ್ನು ಪರೀಕ್ಷಿಸುವರು. ಮಗು ಇವುಗಳಲ್ಲಿ ಒಂದರಲ್ಲಿ ಸೋತರೆ 2 ಷಿಲಿಂಗ್ 8 ಪೆನ್ಸ್ ಖೋತಾ. ಉಪಾಧ್ಯಾಯರು ಮಾಡಿದ್ದೇನು? ಗೊತ್ತುಪಡಿಸಿದ ವಾಚಕವನ್ನು ಮಕ್ಕಳಿಂದ ಉರುಹೊಡೆಸಿದರು. ಚರಿತ್ರೆ, ಭೂಗೋಳಗಳು ಮೂಲೆಗುಂಪಾದವು. ಆಗ ಶಾಲಾ ಇನ್‌ಸ್ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್, ನಿಜವಾಗಿ ಓದಲು ಬಾರದ ಮಗುವನ್ನೂ ಓದಿನ ಪರೀಕ್ಷೆಯಲ್ಲಿ ತೇರ್ಗಡೆ ಮಾಡಿಸಬಹುದೆಂದು ತನ್ನ ವರದಿಯಲ್ಲಿಯೇ ಎಚ್ಚರಿಸಿದನು. ಆದರೂ ಆ ಪದ್ಧತಿ ಪೂರ್ತಿ ತೊಲಗಿದ್ದು ಶತಮಾನದ ಕೊನೆಯ ದಶಕದಲ್ಲಿ. ಅಷ್ಟರಲ್ಲಿ ಅದು ನಮ್ಮ ಮದರಾಸು, ಬೊಂಬಾಯಿ ಪ್ರಾಂತಗಳಿಗೂ ಹಬ್ಬಿತ್ತು.

ಪರೀಕ್ಷೆಯೇ ಕೂಡದೆಂದು ನಾನು ಹೇಳುವುದಿಲ್ಲ. ಮಗು ಎಲ್ಲಿ ತೊಡಕಿಕೊಂಡಿದೆಯೆಂದು ಉಪಾಧ್ಯಾಯರಿಗೆ ತೋರಿಸಿಕೊಡುವ ಪರೀಕ್ಷೆ ಅವಶ್ಯವಾಗಿ ಬೇಕು. ಆದರೆ ಅದರ ಅಂಕಗಳ ಮೇಲೆಯೇ ಶಾಲೆಯ ಮಾನ, ಉಪಾಧ್ಯಾಯರ ಅನ್ನ ನಿಂತಾಗ, ಅವರು ಪರೀಕ್ಷೆಗೆ ಬರುವಷ್ಟನ್ನೇ ಕಲಿಸುವರು. ಅದಕ್ಕಾಗಿ ಅವರನ್ನು ದೂರುವುದು ನ್ಯಾಯವಲ್ಲ. ಅಂಥ ಏರ್ಪಾಡನ್ನು ಮಾಡಿದವರನ್ನು ಕೇಳಬೇಕು.