ಏಕತಾರಿಯ ಪದ, ಗಿಟಾರಿನ ನಾದ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಭಜನಾ ಮೇಳಗಳಿಗೆ ಶಿಶುನಾಳ ಶರೀಫರ ಪದಗಳು ಮನೆಮಾತು. ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ, ಇಷ್ಟೇ ವಾದ್ಯ. ಒಬ್ಬರು ನುಡಿ ಹೇಳುತ್ತಾರೆ, ಹಿಮ್ಮೇಳ ಪಲ್ಲವಿ ಎತ್ತಿಕೊಳ್ಳುತ್ತದೆ. ಅವೇ ಪದಗಳು ಈಗ ಗಿಟಾರ್, ಡ್ರಮ್ಮುಗಳ ಜತೆಗೂ ಕೇಳಿಬರುತ್ತಿವೆ. ಈ ದೊಡ್ಡ ನಾದದಲ್ಲಿ ಪದ ಉಳಿಯುತ್ತದೆಯೆ, ಮುಳುಗುತ್ತದೆಯೆ?

ಶರೀಫರು (1819–1889) ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದವರು. ಕಳಸದ ಗೋವಿಂದ ಭಟ್ಟರ ಶಿಷ್ಯರು. ಸೇದುವ ಗುಡುಗುಡಿ, ಸೋರುವ ಮಾಳಿಗೆ, ಕೋಡಗವನ್ನು ನುಂಗುವ ಕೋಳಿ ಅವರ ತತ್ವಪದಗಳ ಸಾಮಗ್ರಿ. ಹೊರಗೆ ವಿನೋದ, ಒಳಗೆ ಅಧ್ಯಾತ್ಮ. ಮಾತು ಕಿವಿಗೆ ಸ್ಪಷ್ಟವಾಗಿ ಬೀಳದಿದ್ದರೆ ಒಳಗಿನ ಅರ್ಥಕ್ಕೆ ದಾರಿಯೇ ಇಲ್ಲ.

ಈ ಪದಗಳನ್ನು ಭಜನೆಯಾಚೆ ನಾಡಿನ ಮನೆಮನೆಗೆ ಮುಟ್ಟಿಸಿದವರಲ್ಲಿ ಸಿ. ಅಶ್ವತ್ಥ್ (1939–2009) ಪ್ರಮುಖರು. ಕೋಳಿಯ ಪದ ಶಿವಮೊಗ್ಗ ಸುಬ್ಬಣ್ಣನವರ ಕಂಠದಲ್ಲಿ ಪ್ರಸಿದ್ಧವಾಯಿತು. 1990ರಲ್ಲಿ ತೆರೆಕಂಡ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೂ ಅಶ್ವತ್ಥರದೇ ಸಂಗೀತ. ಮುಂದೆ 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಗುಡುಗುಡಿ ಮತ್ತು ಸೋರುವ ಮಾಳಿಗೆಯ ಪದಗಳನ್ನು ರಾಕ್ ವಾದ್ಯಗಳೊಂದಿಗೆ ಹಾಡಿದರು. ಗುಡುಗುಡಿಯ ಪದಕ್ಕೆ ಕುಣಿತದ ಲಯ ಬಂತು; ಶರೀಫರನ್ನು ಓದದ ಕಾಲೇಜು ಹುಡುಗರೂ ಅದನ್ನು ಗುನುಗಿದರು.

ಯುರೋಪಿನಲ್ಲಿ ಇದಕ್ಕಿಂತ ಬಲು ದೊಡ್ಡ ನಾದದ ಪ್ರಕಾರವೊಂದಿದೆ. ಸಿಂಫೋನಿಕ್ ಪವರ್ ಮೆಟಲ್ ಎಂದು ಅದರ ಹೆಸರು. ಡ್ರಮ್ ವಾದಕ ಎರಡೂ ಕಾಲುಗಳಿಂದ ಬಡಿಯುವ ವೇಗದ ಪೆಟ್ಟು, ಅದರ ಮೇಲೆ ಗಿಟಾರ್, ಅದರ ಮೇಲೆ ವಾದ್ಯವೃಂದ ಮತ್ತು ಸಮೂಹ ಗಾಯನ. ಫಿನ್ಲೆಂಡಿನ ನೈಟ್‌ವಿಶ್ ತಂಡ 2004ರ ‘ಒನ್ಸ್’ ಆಲ್ಬಮ್ಮಿಗೆ ಲಂಡನ್ನಿನ ವಾದ್ಯವೃಂದವೊಂದನ್ನೇ ಬಳಸಿಕೊಂಡಿತು. ಅಲ್ಲಿಯೂ ಪಲ್ಲವಿಗೆ ಹಲವು ಕಂಠಗಳು ಕೂಡುತ್ತವೆ. ನಮ್ಮ ಹಿಮ್ಮೇಳದ ಕೆಲಸವೂ ಅದೇ. ಆದರೆ ಆ ಪ್ರಕಾರಕ್ಕೆ ಪ್ರಿಯವಾದ ವಸ್ತು ವೀರರ ಕಥೆ, ಪುರಾಣ, ಕಲ್ಪನಾಲೋಕ. ಅದಕ್ಕೆ ಅಬ್ಬರ ಒಪ್ಪುತ್ತದೆ.

ಸೋರುವ ಮಾಳಿಗೆಗೆ ಅಷ್ಟೊಂದು ಅಬ್ಬರ ಒಗ್ಗದು. ನುಡಿ ಬಂದಾಗ ವಾದ್ಯ ತಗ್ಗಬೇಕು, ಪಲ್ಲವಿಗೆ ಏರಬೇಕು. ಹಳ್ಳಿಯ ದಮ್ಮಡಿಯವನು ಯಾರೂ ಹೇಳಿಕೊಡದೆ ಪಾಲಿಸಿಕೊಂಡು ಬಂದ ನಿಯಮವಿದು. ಅದನ್ನು ಪಾಲಿಸಿದರೆ ಗಿಟಾರೂ ಏಕತಾರಿಯ ಬಳಗವೇ. ಮರೆತರೆ ಉಳಿಯುವುದು ಸದ್ದು ಮಾತ್ರ.