ಮುದಿನಾಯಿಯ ಹಿಂಗಾಲು ಸೋತಾಗ

ಎತ್ತು, ಎಮ್ಮೆ, ಕುರಿಗಳ ಆರೈಕೆಯ ಮಾತು ಪದೇ ಪದೇ ಬರುತ್ತದೆ. ಇಂದು ಅವನ್ನೆಲ್ಲ ರಾತ್ರಿ ಹಗಲು ಕಾಯ್ದ ನಾಯಿಯ ಮಾತು. ಕೆರೂರ ಸೀಮೆಯ ಕುರಿಹಟ್ಟಿಗಳಲ್ಲಿ, ತೋಟದ ಮನೆಗಳಲ್ಲಿ ಎತ್ತರದ ನಾಯಿ ಸಾಕುವ ರೂಢಿ ಉಂಟಷ್ಟೆ. ನಮ್ಮ ಜಿಲ್ಲೆಯ ಮುಧೋಳ ನಾಯಿಯಂತೂ ನಾಡಿಗೆಲ್ಲ ಹೆಸರಾದದ್ದು. 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯೂ ಬಂತು. ಆದರೆ ಎಂಥ ಓಟದ ನಾಯಿಯೇ ಇರಲಿ, 8-9 ವರ್ಷ ದಾಟಿತೆಂದರೆ ಮುಪ್ಪು ಬಂತೆಂದೇ ತಿಳಿಯಿರಿ.

ಮುಪ್ಪು ಮೊದಲು ಹಿಂಗಾಲಿಗೇ ಬರುವುದುಂಟು. ಏಳುವಾಗ ತಿಣುಕುತ್ತದೆ, ಕಟ್ಟೆ ಏರಲು ಹಿಂಜರಿಯುತ್ತದೆ, ಫರಸಿಯ ಮೇಲೆ ಜಾರುತ್ತದೆ. ಬೆಳಿಗ್ಗೆ ಬಿಗಿತ ಹೆಚ್ಚಿದ್ದು, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲಾದರೆ ಅದು ಬಹುಮಟ್ಟಿಗೆ ಕೀಲುನೋವು. ಪಾದ ಎಳೆಯುತ್ತ ನಡೆದು ಉಗುರಿನ ಮೇಲ್ಭಾಗ ಸವೆದಿದ್ದರೆ ನರದ ದೋಷವಿರಬಹುದು. ಒಂದು ಪರೀಕ್ಷೆ ಮಾಡಿ ನೋಡ್ರಿ: ನಾಯಿಯನ್ನು ಆನಿಸಿ ನಿಲ್ಲಿಸಿ, ಹಿಂಗಾಲಿನ ಪಾದವನ್ನು ಮೆಲ್ಲಗೆ ಮಡಚಿ ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿರಿ. ನರ ಚೆನ್ನಾಗಿದ್ದರೆ ನಾಯಿ ಥಟ್ಟನೆ ಪಾದ ಸರಿಮಾಡಿಕೊಳ್ಳುತ್ತದೆ. ಹಾಗೆಯೇ ಬಿಟ್ಟರೆ ಪಶುವೈದ್ಯರಿಗೆ ಅದನ್ನು ತಪ್ಪದೆ ಹೇಳಿರಿ. ಉಣ್ಣಿಯಿಂದ ಬರುವ ಜ್ವರದಲ್ಲಿಯೂ ಕಾಲು ಸೋಲುತ್ತವೆ, ಅದಕ್ಕೆ ಔಷಧವಿದೆ. ಆದ್ದರಿಂದ "ವಯಸ್ಸಾತು ಬಿಡ್ರಿ" ಎಂದು ಕೈಚೆಲ್ಲಬೇಡಿರಿ.

ಇಲ್ಲಿ ಒಂದು ಎಚ್ಚರಿಕೆ. ಒಂದೆರಡು ದಿನದಲ್ಲೇ ಕಾಲು ಬಿದ್ದು, ದವಡೆ ಜೋತು, ಜೊಲ್ಲು ಸುರಿದು, ಧ್ವನಿ ಬದಲಾಗಿದ್ದರೆ ಅದು ಹುಚ್ಚುನಾಯಿ ರೋಗದ ಮೂಕ ಬಗೆ ಇದ್ದೀತು. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿರಿ. ಮಕ್ಕಳನ್ನು ದೂರವಿಟ್ಟು ವೈದ್ಯರಿಗೆ ತಿಳಿಸಿರಿ. ಕಚ್ಚಿದ್ದರೆ, ಗಾಯಕ್ಕೆ ಜೊಲ್ಲು ತಾಗಿದ್ದರೆ, 15 ನಿಮಿಷ ಸಾಬೂನು ನೀರಿನಿಂದ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿರಿ.

ಇನ್ನು ಮನೆಯ ಆರೈಕೆ. ಬರಿ ಕಲ್ಲಿನ ಮೇಲೆ ಮಲಗಿಸಬೇಡಿರಿ. ಹುಲ್ಲು ತುಂಬಿದ ಗೋಣಿಚೀಲ, ಮೇಲೊಂದು ಹಳೆಯ ಕಂಬಳಿ ಸಾಕು. ಮುಧೋಳ ನಾಯಿಗೆ ಮೈಯಲ್ಲಿ ಕೊಬ್ಬು ಕಡಿಮೆ, ಎಲುಬು ಒತ್ತಿ ಬೇಗ ಹುಣ್ಣಾಗುತ್ತವೆ. ಏಳಲಾರದ ನಾಯಿಯನ್ನು 3-4 ತಾಸಿಗೊಮ್ಮೆ ಮಗ್ಗುಲು ಬದಲಿಸಿರಿ. ಉಚ್ಚೆಯಿಂದ ತೊಯ್ದ ಹಾಸಿಗೆ ತೆಗೆದು ಮೈ ಒರೆಸಿರಿ. ಇಲ್ಲವಾದರೆ ನೊಣ ಕೂತು ಹುಳ ಬೀಳುತ್ತವೆ.

ಎಬ್ಬಿಸುವಾಗ ಬಾಲ ಹಿಡಿದು ಎತ್ತಬೇಡಿರಿ. ಹಳೆಯ ಇಳಕಲ್ಲ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಹಿಂಗಾಲಿನ ಮುಂದೆ ಹೊಟ್ಟೆಯಡಿ ಹಾಯಿಸಿ, ಎರಡೂ ತುದಿ ಮೇಲೆ ಹಿಡಿಯಿರಿ. ನಾಯಿ ಮುಂಗಾಲಿನಿಂದ ನಡೆಯುತ್ತದೆ, ಹಿಂದಿನ ಭಾರ ನಿಮ್ಮ ಕೈಯಲ್ಲಿ. ಹೀಗೆ ಮುಂಜಾನೆ, ಸಂಜೆ ತಂಪು ಹೊತ್ತಿನಲ್ಲಿ 5-10 ನಿಮಿಷ ನಡೆಸಿರಿ. ಪೂರಾ ಕಟ್ಟಿಹಾಕಿದರೆ ಉಳಿದ ಮಾಂಸಖಂಡವೂ ಕರಗುತ್ತದೆ. ಆದರೆ ಬೆನ್ನುಮುಟ್ಟಿದರೆ ಕಿರುಚುವ, ಇಲ್ಲವೆ ತಟ್ಟನೆ ಕಾಲು ಬಿದ್ದ ನಾಯಿಯನ್ನು ನಡೆಸದೆ ಹಲಗೆಯ ಮೇಲೆ ಮಲಗಿಸಿ ದವಾಖಾನೆಗೆ ಒಯ್ಯಿರಿ.

ಬೆಳೆದ ಉಗುರು ಕತ್ತರಿಸಿರಿ. ದಪ್ಪಗಾದ ನಾಯಿಗೆ ರೊಟ್ಟಿ ಕಡಿಮೆ ಮಾಡಿರಿ. ಬಡಕಲಿಗೆ ಬೇಯಿಸಿದ ತತ್ತಿ ಕೊಡಿರಿ. ನೀರು ಬಾಯಿಗೆಟಕುವಂತಿರಲಿ. ನಾವು ನುಂಗುವ ನೋವಿನ ಗುಳಿಗೆ ಮಾತ್ರ ಕೊಡಲೇಬೇಡಿರಿ. ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಿ, ಮೂತ್ರಪಿಂಡ, ಯಕೃತ್ತು ಕೆಟ್ಟು ನಾಯಿ ಸತ್ತೀತು. ವೈದ್ಯರು ನಾಯಿಯನ್ನು ತೂಗಿ ಕೊಡುವ ಔಷಧವೇ ಬೇರೆ.

"ದುಡಿಯಲಾರದ ನಾಯಿಗೆ ಇಷ್ಟೇಕ್ರಿ?" ಎನ್ನುವವರಿದ್ದಾರೆ. ಹೆದ್ದಾರಿಯ ಬದಿಗೆ ಬಿಟ್ಟು ಬರುವವರೂ ಇದ್ದಾರೆ. ಓಡಲಾರದ ನಾಯಿಗೆ ಅಲ್ಲಿ ಲಾರಿಯ ಗಾಲಿಯೇ ಗತಿ. ಉಪಾಯವೇ ಇಲ್ಲದೆ, ಅನ್ನ ಬಿಟ್ಟು ನೋವಿನಲ್ಲಿ ನರಳುತ್ತಿದ್ದರೆ, ನೋವಿಲ್ಲದ ಸಾವಿನ ಬಗ್ಗೆ ವೈದ್ಯರನ್ನೇ ಕೇಳಿರಿ, ಅದರಲ್ಲಿ ನಾಚಿಕೆಯಿಲ್ಲ. ಅಲ್ಲಿಯವರೆಗೆ ಅದರ ಜಾಗ ನಿಮ್ಮ ಬಾಗಿಲಲ್ಲಿಯೇ ಇರಲಿ. ಕಾಲು ಸೋತರೂ ಅದರ ಕಿವಿ ಸೋತಿರಲಿಕ್ಕಿಲ್ಲ. ಅಪರಿಚಿತರ ಹೆಜ್ಜೆ ಕೇಳಿದರೆ ಮಲಗಿದಲ್ಲಿಂದಲೇ ಬೊಗಳೀತು.