ಸ್ವತಂತ್ರ ಆಟಗಾರನೂ ಕಲ್ಲುಸಕ್ಕರೆಯ ಹರಳೂ

ಸಕ್ಕರೆಯ ಗಟ್ಟಿ ಪಾಕದಲ್ಲಿ ನೂಲಿಗೆ ಕಟ್ಟಿದ ಹರಳೊಂದನ್ನು ಇಳಿಬಿಟ್ಟರೆ, ಪಾಕವು ತಣಿದಂತೆ ಕಣಗಳು ಅದರ ಮೇಲೆಯೇ ಬಂದು ನೆಲೆಸುವುವು. ಫುಟ್‌ಬಾಲ್ ತಂಡವು ಬೆಳೆಯುವುದೂ ಬಹುಮಟ್ಟಿಗೆ ಹೀಗೆಯೇ.

ಒಪ್ಪಂದ ಮುಗಿದ ಆಟಗಾರನು ಸ್ವತಂತ್ರನು. ಅಂಥವನಿಗಾಗಿ ಹಳೆಯ ತಂಡಕ್ಕೆ ಹಣ ತೆರಬೇಕಾಗಿಲ್ಲವೆಂಬುದು ಯೂರೋಪಿನಲ್ಲಿ 1995ರ ಬಾಸ್ಮನ್ ತೀರ್ಪಿನಿಂದ ಸ್ಥಿರವಾಯಿತು. ಹಾಗಾದರೆ ಅವನನ್ನು ಸೆಳೆಯುವುದು ಯಾವುದು? ಸಂಬಳವೊಂದೇ ಅಲ್ಲ.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ.ಗೆ ತೋರಿಸಲು ಹಿಂದಿನ ಗೆಲುವೊಂದೂ ಇರಲಿಲ್ಲ. ಆಡಳಿತವು ಆಶ್ಲಿ ವೆಸ್ಟ್‌ವುಡ್ ಅವರನ್ನು ತರಬೇತುದಾರರನ್ನಾಗಿ ನೇಮಿಸಿ, ಸುನಿಲ್ ಛೇತ್ರಿಯವರನ್ನು ಬರಮಾಡಿಕೊಂಡಿತು. ಬೀಜದ ಹರಳು ಬಿದ್ದಿತು. ಮೊದಲ ವರ್ಷವೇ ಐ-ಲೀಗ್ ಗೆಲುವು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ. ಭಾರತದ ತಂಡವೊಂದು ಅಲ್ಲಿಗೆ ಮುಟ್ಟಿದ್ದು ಅದೇ ಮೊದಲು. 2017ರಲ್ಲಿ ನಾರ್ವೆಯಲ್ಲಿ ಆಡುತ್ತಿದ್ದ ಗೋಲ್‌ರಕ್ಷಕ ಗುರ್‌ಪ್ರೀತ್ ಸಿಂಗ್ ಸಂಧು ಬಂದು ಸೇರಿದರು.

ಪಾಕವನ್ನು ಪದೇ ಪದೇ ಕಲಕಿದರೆ ದೊಡ್ಡ ಹರಳು ಬೆಳೆಯದು, ಪುಡಿಯಾಗುವುದು. ವರ್ಷಕ್ಕೊಬ್ಬ ತರಬೇತುದಾರನನ್ನು ಬದಲಿಸುವ ಆಡಳಿತದ ಪಾಡೂ ಅದೇ. ಆದರೆ ಕಣಕ್ಕೆ ಮನಸ್ಸಿಲ್ಲ, ಆಟಗಾರನಿಗುಂಟು. ಅವನ ಆಡುವ ವಯಸ್ಸು ಅಲ್ಪ. ತಪ್ಪು ತಂಡದಲ್ಲಿ ಕಳೆದ ಎರಡು ವರ್ಷ ಮರಳಿ ಬಾರವು. ಆದುದರಿಂದಲೇ ಅವನು ಹಣದೊಡನೆ ಸ್ಥಿರತೆಯನ್ನೂ ತೂಗಿ ನೋಡುವನು.

ನವಲಗುಂದ, ಕುಂದಗೋಳಗಳಲ್ಲಿ ಕಬಡ್ಡಿ ತಂಡ ಕಟ್ಟುವ ತರುಣರಿಗೂ ಈ ಮಾತು ಸಲ್ಲುವುದು: ಮೊದಲು ಒಂದು ಒಳ್ಳೆಯ ಹರಳನ್ನು ಹುಡುಕಿರಿ, ಆಮೇಲೆ ಪಾಕವನ್ನು ಕಲಕದಿರಿ.